ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್: ಕಲ್ಲು ಹಾಸುವವನೊಬ್ಬ ಕಂಡದ್ದು

ನಾನು ಕಟಪಾಡಿಯವನು. ಗ್ರಾನೈಟ್, ಮಾರ್ಬಲ್, ಟೈಲ್ಸ್ ಹಾಸುವುದು ನನ್ನ ಕೆಲಸ. ಈ ಕೆಲಸಕ್ಕೆ ಇಳಿದು 22 ವರ್ಷ ಆಯಿತು. ಮಲ್ಪೆ ನಮ್ಮ ಮನೆಯಿಂದ ಬೈಕಿನಲ್ಲಿ ಅರ್ಧ ಗಂಟೆಯ ದಾರಿ. ಮೀನು ತರಲು ಎಷ್ಟೋ ಸಲ ಹೋಗಿದ್ದೇನೆ. ಆದರೆ ಅಲ್ಲಿಂದ ಬೋಟ್ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದದ್ದು ಎರಡೇ ಸಲ. ಒಂದು, ಮದುವೆಯಾದ ಹೊಸತರಲ್ಲಿ. ಇನ್ನೊಂದು, ಕಳೆದ ಡಿಸೆಂಬರಿನಲ್ಲಿ. ಹೆಂಡತಿ, ಮಗಳು, ಮಸ್ಕತ್ತಿನಿಂದ ರಜೆಗೆ ಬಂದಿದ್ದ ಭಾವ, ನಾನು, ಹೀಗೆ ನಾಲ್ಕು ಜನ.

ಮೊದಲ ಸಲ ಫೋಟೋ ತೆಗೆದೆವು, ಚಿಪ್ಪು ಹೆಕ್ಕಿದೆವು, ಬಂದೆವು. ಎರಡನೇ ಸಲ ಅದೇ ಕಲ್ಲಿನ ಮುಂದೆ ನಿಂತಾಗ ಮೈ ಜುಮ್ಮೆಂದಿತು. ನಡುವೆ ಆದದ್ದು ಏನೆಂದರೆ, ಮಣಿಪಾಲದಲ್ಲಿ ಒಬ್ಬರು ನಿವೃತ್ತ ಭೂವಿಜ್ಞಾನದ ಮೇಷ್ಟ್ರ ಮನೆಗೆ ನಾನು ನೆಲ ಹಾಸಿದೆ. ಹನ್ನೊಂದು ದಿನದ ಕೆಲಸ. ಅವರು ಕುರ್ಚಿ ಹಾಕಿಕೊಂಡು ಎದುರಿಗೇ ಕೂರುತ್ತಿದ್ದರು. ನಾನು ಒಂದೊಂದು ಕಲ್ಲು ಎತ್ತಿದಾಗಲೂ ಅದರ ಕತೆ ಹೇಳುತ್ತಿದ್ದರು. ಅಡುಗೆಮನೆ ಶೆಲ್ಫಿಗೆ ತಂದ ಕಡಪ ಕಲ್ಲು ಒಂದು ಕಾಲದ ಸಮುದ್ರದ ತಳ. ದೇವರಕೋಣೆಯ ಬಿಳಿ ಮಾರ್ಬಲ್ ನೆಲದ ಒಳಗೆ ಬೆಂದು ಬದಲಾದ ಸುಣ್ಣಕಲ್ಲು. ಕೊನೆಯ ದಿನ ಕೇಳಿದರು, "ನೀವು ಮಲ್ಪೆಯ ದ್ವೀಪ ನೋಡಿದ್ದೀರಾ?" ನೋಡಿದ್ದೇನೆ ಸರ್ ಅಂದೆ. "ಇಲ್ಲ, ನೋಡಿಲ್ಲ. ಇನ್ನೊಮ್ಮೆ ಹೋಗಿ" ಅಂದರು. ಅವರು ಹೇಳಿದ್ದು ಸರಿಯಾಗಿತ್ತು.

ಮೊದಲು ಬೋಟಿನ ವಿಷಯ ಹೇಳುತ್ತೇನೆ. ಓದುವವರಿಗೆ ಬೇಕಾಗಿರುವುದು ಅದೇ ಅಲ್ವಾ.

ಬೆಳಿಗ್ಗೆ ಒಂಬತ್ತೂವರೆಗೆ ನಾವು ಕೌಂಟರಿನ ಹತ್ತಿರ ಇದ್ದೆವು. ನಾಲ್ಕು ಜನರಿಗೆ ಸಾವಿರದ ಮೇಲೆ ಚಿಲ್ಲರೆ ಆಯಿತು. ದರ ಬದಲಾಗುತ್ತಾ ಇರುತ್ತದೆ, ಹೋಗುವ ದಿನ ಬೋರ್ಡ್ ನೋಡಿಕೊಳ್ಳಿ. ಸಾಕಷ್ಟು ಜನ ಸೇರಿದ ಮೇಲೆಯೇ ಬೋಟ್ ಬಿಡುತ್ತಾರೆ. ನಮಗೆ ಮುಕ್ಕಾಲು ಗಂಟೆ ಕಾಯಬೇಕಾಯಿತು. ಹೊಟ್ಟೆಗೆ ಏನೂ ಹಾಕದೆ ಬಂದಿದ್ದರಿಂದ ಹತ್ತಿರದ ಗಾಡಿಯಲ್ಲಿ ಗೋಳಿಬಜೆ, ಚಾ ಆಯಿತು. ಬಿಸಿಬಿಸಿ ಗೋಳಿಬಜೆಗೆ ತೆಂಗಿನಕಾಯಿ ಚಟ್ನಿ, ಎದುರಿಗೆ ಕಡಲು. ಕಾದದ್ದು ಬೇಸರ ಆಗಲಿಲ್ಲ.

ಲೈಫ್ ಜಾಕೆಟ್ ಎಲ್ಲರಿಗೂ ಕೊಟ್ಟರು. ಕೊಡುವುದು ಮಾತ್ರ ಅಲ್ಲ, ಬಕಲ್ ಹಾಕಿದ್ದೇವಾ ಎಂದು ಒಬ್ಬ ಹುಡುಗ ಒಬ್ಬೊಬ್ಬರದ್ದೂ ಎಳೆದು ನೋಡಿದ. ಇದು ನನಗೆ ತುಂಬ ಹಿಡಿಸಿತು. ಮಗಳ ಜಾಕೆಟ್ ದೊಡ್ಡದಾಗಿತ್ತು, ಕೇಳುವ ಮೊದಲೇ ಸಣ್ಣದು ತಂದುಕೊಟ್ಟ. ಪ್ಲಾಸ್ಟಿಕ್ ಇದೆಯಾ ಎಂದು ಚೀಲವನ್ನೂ ನೋಡಿದರು. ಮುಕ್ಕಾಲು ಭಾಗ ದಾರಿ ಕಡಲು ಶಾಂತವಾಗಿತ್ತು. ಬೋಟ್ ನಡೆಸುವವರು ವಯಸ್ಸಾದವರು, ಮೊದಲು ಮೀನುಗಾರಿಕೆಗೆ ಹೋಗುತ್ತಿದ್ದವರಂತೆ. ಅಲೆಗೆ ಬೋಟಿನ ಮೂತಿ ಕೊಡುವ ರೀತಿಯಲ್ಲೇ ಗೊತ್ತಾಗುತ್ತದೆ. ದಡದ ಹತ್ತಿರ ಆಳ ಕಡಿಮೆ ಎಂದು ನಮ್ಮನ್ನು ಸಣ್ಣ ದೋಣಿಗೆ ಇಳಿಸಿದರು. ಹೆಂಡತಿ ಹೆದರಿದಳು. ಆ ಹುಡುಗ "ಅಕ್ಕ, ನನ್ನ ಕೈ ಹಿಡಿಯಿರಿ, ನೀರು ನೋಡಬೇಡಿ" ಎಂದು ಇಳಿಸಿದ.

ಹಿಡಿಸದ ಸಂಗತಿ ಎರಡು. ಹೋಗುವಾಗ ಬರುವಾಗ ಪೂರ್ತಿ ದೊಡ್ಡ ಸ್ಪೀಕರಿನಲ್ಲಿ ಸಿನಿಮಾ ಹಾಡು. ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಇನ್ನೊಂದು, ಇಳಿದ ಕೂಡಲೇ ಹೇಳಿದರು, "ಒಂದು ಗಂಟೆ ಮಾತ್ರ, ಅಣ್ಣ. ಸೀಟಿ ಊದಿದ ಕೂಡಲೇ ಬರಬೇಕು." ನಾವು ಹೋಗುತ್ತಿರುವುದು ಎಂತಹ ಜಾಗಕ್ಕೆ ಎಂದು ಆರೇಳು ಕಿಲೋಮೀಟರ್ ದಾರಿಯಲ್ಲಿ ಒಂದು ಮಾತು ಇಲ್ಲ. ಅದರ ಬಗ್ಗೆ ಮುಂದೆ ಹೇಳುತ್ತೇನೆ, ಯಾಕೆಂದರೆ ಈ ಬರಹ ಬರೆಯಲು ಕಾರಣವೇ ಅದು.

ಈಗ ಕಲ್ಲು.

ಇಲ್ಲಿ ಇರುವುದು ಒಂದೇ ದ್ವೀಪ ಅಲ್ಲ, ಸಣ್ಣ ದ್ವೀಪಗಳ ಸಾಲು. ನಮ್ಮ ಕಡೆಯವರು ತೋನ್ಸೆಪಾರ್ ಎನ್ನುತ್ತಾರೆ. ಬೋಟ್ ಹೋಗುವುದು ತೆಂಗಿನ ಮರಗಳಿರುವ ದ್ವೀಪಕ್ಕೆ. 1498 ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಯ ಹೆಸರಿಟ್ಟ ಎಂಬ ಮಾತು ಇದೆ. ದಡದಿಂದ ಸ್ವಲ್ಪ ಮೇಲೆ ಹೋದರೆ ಕಂಬಗಳು ಶುರು. ಕೆಲವು ಸೊಂಟದ ಎತ್ತರ. ಕೆಲವು ಆರು ಮೀಟರ್ ತನಕ ಇವೆ. ಒಂದಕ್ಕೊಂದು ಅಂಟಿಕೊಂಡು, ಕಟ್ಟು ಕಟ್ಟಿ ನಿಲ್ಲಿಸಿದ ಹಾಗೆ. ಮೇಲಿನಿಂದ ನೋಡಿದರೆ ನೆಲಕ್ಕೆ ಹಾಸಿದ ಆರು ಮೂಲೆಯ ಟೈಲ್ಸ್ ತರಹ.

ನಾನು ಮೊದಲು ಮಾಡಿದ್ದು ಜಾಯಿಂಟ್ ನೋಡಿದ್ದು. ನಮ್ಮ ಕೆಲಸದಲ್ಲಿ ಕಲ್ಲಿಗಿಂತ ಜಾಯಿಂಟ್ ಮುಖ್ಯ. ಇಲ್ಲಿನ ಜಾಯಿಂಟಿನಲ್ಲಿ ಎಷ್ಟೋ ಕಡೆ ಉಗುರು ಹೋಗುವುದಿಲ್ಲ. ಮಗಳು ಕಂಪಾಸ್ ಬಾಕ್ಸಿನಿಂದ ಕೋನಮಾಪಕ ತಂದಿದ್ದಳು. ಮೂರು ಕಂಬ ಸೇರುವ ಮೂಲೆಗೆ ಇಟ್ಟು ನೋಡಿದೆವು. 120 ಡಿಗ್ರಿಯ ಆಸುಪಾಸು. ಎಲ್ಲ ಕಡೆ ಹಾಗೆಯೇ ಇಲ್ಲ, ಆದರೆ ಸುಮಾರು ಕಡೆ ಅಷ್ಟೇ ಬರುತ್ತದೆ. ಐದು, ಆರು ಬದಿಯ ಕಂಬಗಳೇ ಜಾಸ್ತಿ. ಏಳು ಬದಿಯದ್ದೂ ಸಿಕ್ಕಿತು.

ಇದು ಹೇಗೆ ಆಯಿತು ಎಂದು ನನಗೆ ಮೇಷ್ಟ್ರು ಹೇಳುವ ಮೊದಲೇ ಅರ್ಧ ಗೊತ್ತಿರಬೇಕಿತ್ತು. ಸಿಮೆಂಟ್ ನೆಲಕ್ಕೆ ನೀರು ಕಡಿಮೆ ಹಾಯಿಸಿದರೆ ಏನಾಗುತ್ತದೆ? ಒಣಗುತ್ತಾ ಕುಗ್ಗುತ್ತದೆ, ಬಿರುಕು ಬಿಡುತ್ತದೆ. ಕೊಯ್ಲು ಮುಗಿದ ಗದ್ದೆಯ ಕೆಸರು ಬೇಸಿಗೆಯಲ್ಲಿ ತುಂಡು ತುಂಡಾಗಿ ಬಿರಿಯುತ್ತದಲ್ಲ, ಅದೂ ಹಾಗೆಯೇ. ಇಲ್ಲಿ ಕುಗ್ಗಿದ್ದು ಒಣಗಿ ಅಲ್ಲ, ತಣಿದು. ಎಂಟು ಒಂಬತ್ತು ನೂರು ಡಿಗ್ರಿ ಕಾದ ಲಾವಾ ಹರಿದು ದಪ್ಪಕ್ಕೆ ನಿಂತಿತು. ಮೇಲ್ಮೈ ಮೊದಲು ತಣಿಯಿತು, ಕುಗ್ಗಿತು, ಬಿರಿಯಿತು. ತಂಪು ಒಳಗೆ ಇಳಿದ ಹಾಗೆ ಬಿರುಕೂ ಇಳಿಯಿತು. ಎಲ್ಲ ಕಡೆಯಿಂದ ಸಮನಾಗಿ ಎಳೆತ ಬಿದ್ದರೆ ಬಿರುಕು ಮೂರು ದಿಕ್ಕಿಗೆ ಸಮನಾಗಿ ಒಡೆಯುವುದೇ ಸುಲಭ. ಅದಕ್ಕೇ 120 ಡಿಗ್ರಿ. ಅದಕ್ಕೇ ಆರು ಮೂಲೆ. ಬಿರುಕು ಕೆಳಗಿಳಿದ ದಾರಿಯೇ ಕಂಬ. ಯಾರೂ ಮೂಲೆಮಟ್ಟ ಹಿಡಿಯದೆ, ತೂಗುಗುಂಡು ಬಿಡದೆ ಇಷ್ಟು ನೇರ ಬಂದದ್ದನ್ನು ನೋಡಿ ನಾನು ಸುಮ್ನೆ ನಿಂತುಬಿಟ್ಟೆ.

ಕಲ್ಲಿನ ಕಣ ನೋಡಿದೆ. ಗ್ರಾನೈಟ್ ನೆಲದ ಆಳದಲ್ಲಿ ಬಹಳ ನಿಧಾನಕ್ಕೆ ತಣಿಯುತ್ತದೆ. ಅದಕ್ಕೇ ಕಣ ದಪ್ಪ, ಕಣ್ಣಿಗೆ ಕಾಣುತ್ತದೆ. ಇದರ ಕಣ ಸಣ್ಣ, ನೆಲದ ಮೇಲೆ ಬೇಗ ತಣಿದದ್ದು. ಇದಕ್ಕೆ ಡೇಸೈಟ್, ರಯೋಲೈಟ್ ಎಂದು ಹೆಸರು. ತುಂಬ ಜನ ಇದನ್ನು ಬಸಾಲ್ಟ್, ಅಂದರೆ ಲಾವಾ ತಣಿದು ಆದ ಕಪ್ಪು ಕಲ್ಲು, ಎಂದು ಹೇಳುತ್ತಾರೆ, ಬರೆಯುತ್ತಾರೆ. ನೋಡಲು ಹಾಗೆ ಕಂಡರೂ ಇದರಲ್ಲಿ ಸಿಲಿಕಾ, ಅಂದರೆ ಮರಳಿನಲ್ಲಿ ಇರುವ ವಸ್ತು, ಜಾಸ್ತಿ. ಮಹಾರಾಷ್ಟ್ರದಲ್ಲಿ ಹರಡಿರುವ ಡೆಕ್ಕನ್ ಬಸಾಲ್ಟಿನ ಚೂರು ಇದು ಎಂದು ಹಿಂದೆ ವಿಜ್ಞಾನಿಗಳೂ ಅಂದುಕೊಂಡಿದ್ದರಂತೆ. ವಯಸ್ಸು ಅಳೆದಾಗ ಹೊಂದಲಿಲ್ಲ. ಡೆಕ್ಕನ್ ಬಸಾಲ್ಟಿಗೆ ಸುಮಾರು 6.6 ಕೋಟಿ ವರ್ಷ. ಈ ಕಲ್ಲಿಗೆ ಸುಮಾರು 8.5 ರಿಂದ 9 ಕೋಟಿ.

ಹಾಗಾದರೆ ಈ ಲಾವಾ ಯಾಕೆ ಬಂತು? ಇಲ್ಲಿ ಭೂಮಿ ಒಡೆಯಿತು. ಅದಕ್ಕೆ.

ಆಗ ಮಲ್ಪೆಯ ಎದುರಿಗೆ ಕಡಲು ಇರಲಿಲ್ಲ. ಮಡಗಾಸ್ಕರ್ ಇತ್ತು. ಆಫ್ರಿಕಾದ ಪಕ್ಕ ಇರುವ ಅದೇ ದೊಡ್ಡ ದ್ವೀಪ. ನಮ್ಮ ಪಶ್ಚಿಮ ಕರಾವಳಿಗೆ ಅದರ ಪೂರ್ವ ಕರಾವಳಿ ಅಂಟಿಕೊಂಡಿತ್ತು. ಎರಡೂ ಗೊಂಡ್ವಾನ ಎಂಬ ದೊಡ್ಡ ನೆಲದ ತುಂಡುಗಳು. ಅಡಿಯಿಂದ ಬಿಸಿ ಮೇಲೆದ್ದು ನೆಲ ಹಿಗ್ಗಿತು, ತೆಳುವಾಯಿತು, ಸೀಳಿತು. ಸೀಳಿನಲ್ಲಿ ಲಾವಾ ಉಕ್ಕಿತು. ಇದೇ ಕಾಲದ ಲಾವಾ ಮಡಗಾಸ್ಕರಿನಲ್ಲೂ ಉದ್ದಕ್ಕೂ ಸಿಗುತ್ತದೆ. ಆಮೇಲೆ ಎರಡೂ ದೂರ ದೂರ ಸರಿದವು. ಇವತ್ತು ಮಲ್ಪೆಯಿಂದ ಅದರ ಹತ್ತಿರದ ತುದಿಗೂ ಸುಮಾರು 4,000 ಕಿಲೋಮೀಟರ್.

ನನಗೆ ಇದು ನಂಬಲು ಕಷ್ಟ ಆಗಲಿಲ್ಲ. ಸ್ಲ್ಯಾಬ್ ಸಾಗಿಸುವಾಗ ಒಡೆಯುವುದು ಉಂಟು. ಒಡೆದ ಎರಡು ತುಂಡು ಬೇರೆ ಬೇರೆ ಕಡೆ ಬಿದ್ದಿದ್ದರೂ ನಾವು ಹೊಂದಿಸುತ್ತೇವೆ. ಅಂಚು ಹೊಂದಬೇಕು, ಗೆರೆ ಹೊಂದಬೇಕು, ಬಣ್ಣ ಹೊಂದಬೇಕು. ಅಂಚು ಸವೆದಿದ್ದರೂ ಗೆರೆ ಸುಳ್ಳು ಹೇಳುವುದಿಲ್ಲ. ಜರ್ಮನಿಯ ಆಲ್ಫ್ರೆಡ್ ವೆಗೆನರ್ 1912 ರಲ್ಲಿ ಖಂಡಗಳು ಸರಿದಿವೆ ಎಂದು ಹೇಳಿದಾಗ ಅವರು ಮಾಡಿದ್ದೂ ಇದನ್ನೇ. ಕರಾವಳಿಯ ಅಂಚು, ಎರಡೂ ಕಡೆಯ ಕಲ್ಲು, ಪಳೆಯುಳಿಕೆ, ಎಲ್ಲ ಹೊಂದಿಸಿ ತೋರಿಸಿದರು. ಯಾವ ಬಲ ಸರಿಸಿತು ಎಂದು ಸರಿಯಾಗಿ ಹೇಳಲು ಆಗಲಿಲ್ಲ. ಹಾಗಾಗಿ ಬಹಳ ಜನ ಒಪ್ಪಲಿಲ್ಲ. 1930 ರಲ್ಲಿ ಅವರು ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರಿಕೊಂಡರು. ತಮ್ಮ ಮಾತು ಗೆದ್ದದ್ದನ್ನು ಅವರು ನೋಡಲೇ ಇಲ್ಲ. ಇದು ನನಗೆ ಇವತ್ತಿಗೂ ಬೇಸರದ ಸಂಗತಿ.

ಇನ್ನೊಂದು ಗುರುತು ಕಲ್ಲಿನ ಒಳಗೇ ಇದೆ. ಲಾವಾ ತಣಿಯುವಾಗ ಅದರಲ್ಲಿರುವ ಕಬ್ಬಿಣದ ಖನಿಜದ ಕಣಗಳ ಕಾಂತಗುಣ ಆಗಿನ ಭೂಮಿಯ ಕಾಂತದ ದಿಕ್ಕಿಗೆ ಹೊಂದಿಕೊಂಡು ಹಾಗೆಯೇ ಉಳಿಯುತ್ತದೆ. ಆ ದಿಕ್ಕು ಎಷ್ಟು ವಾಲಿದೆ ಎಂದು ಅಳೆದರೆ ಆ ಕಲ್ಲು ಯಾವ ಅಕ್ಷಾಂಶದಲ್ಲಿ ತಣಿಯಿತು ಎಂದು ತಿಳಿಯುತ್ತದೆ. ಈ ದ್ವೀಪದ ಕಲ್ಲಿನಲ್ಲೂ ಅಳೆದಿದ್ದಾರೆ. ಇದು ತಣಿದದ್ದು ಸಮಭಾಜಕ ವೃತ್ತದ ದಕ್ಷಿಣಕ್ಕೆ. ಈಗ ಇರುವುದು ಉತ್ತರಕ್ಕೆ 13 ಡಿಗ್ರಿಯಲ್ಲಿ. ಅಂದರೆ ನಾನು ಕೈಯಿಟ್ಟ ಕಂಬ ಅಷ್ಟು ದೂರ ಪ್ರಯಾಣ ಮಾಡಿ ಬಂದಿದೆ. ನಮ್ಮ ಊರನ್ನೂ ಹೊತ್ತುಕೊಂಡು.

ಮಗಳು ಅಲ್ಲೇ ಲೆಕ್ಕ ಹಾಕಿದಳು. 4,000 ಕಿಲೋಮೀಟರ್, 8.8 ಕೋಟಿ ವರ್ಷ. ವರ್ಷಕ್ಕೆ ನಾಲ್ಕೂವರೆ ಸೆಂಟಿಮೀಟರ್. "ಅಪ್ಪ, ಉಗುರು ಬೆಳೆಯುವಷ್ಟೇ!" ಎಂದಳು. ಸುಮಾರಾಗಿ ನಿಜ. ಅದು ಸರಾಸರಿ ಅಷ್ಟೆ. ನಡುವೆ ಒಂದು ಕಾಲದಲ್ಲಿ ಭಾರತದ ಫಲಕ, ಅಂದರೆ ನಮ್ಮ ನೆಲ ಕೂತಿರುವ ಭೂಮಿಯ ಚಿಪ್ಪಿನ ತುಂಡು, ಉತ್ತರಕ್ಕೆ ವರ್ಷಕ್ಕೆ 15 ಸೆಂಟಿಮೀಟರಿಗೂ ಜಾಸ್ತಿ ಓಡಿದೆ.

ದ್ವೀಪದ ಪಶ್ಚಿಮದ ಅಂಚಿಗೆ ಹೋದೆವು. ಅಲ್ಲಿ ಮರಳಿಗಿಂತ ಚಿಪ್ಪು ಜಾಸ್ತಿ. ನಿಂತು ಕಡಲು ನೋಡಿದೆ. ಹುಟ್ಟಿದಾಗಿನಿಂದ ನೋಡಿದ ಕಡಲು. ನಮ್ಮ ಹಿರಿಯರು ಪರಶುರಾಮ ಕೊಡಲಿ ಎಸೆದು ಕಡಲನ್ನು ಹಿಂದೆ ಸರಿಸಿ ಈ ನೆಲ ಪಡೆದ ಎನ್ನುತ್ತಾರೆ. ಹಾಗಾಗಿ ನನ್ನ ಮನಸ್ಸಿನಲ್ಲಿ ಯಾವಾಗಲೂ ಕಡಲು ಮೊದಲು, ನೆಲ ಆಮೇಲೆ. ಅದು ನಮ್ಮ ಭಕ್ತಿಯ ಕತೆ, ನನಗೆ ಅದರ ಮೇಲೆ ಪ್ರೀತಿ ಇದೆ. ಆದರೆ ಕಲ್ಲಿನ ಲೆಕ್ಕ ಬೇರೆ. ಘಟ್ಟದ ಕೆಳಗಿನ ನಮ್ಮ ಹಳೆಯ ಶಿಲೆಕಲ್ಲು 250 ಕೋಟಿ ವರ್ಷಕ್ಕಿಂತ ಹಿಂದಿನದು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ. ಈ ಅರಬ್ಬಿ ಸಮುದ್ರ ಹುಟ್ಟಿದ್ದು ಮೊನ್ನೆ ಮೊನ್ನೆ ಎಂದ ಹಾಗೆ, ಈ ಕಂಬಗಳ ಕಾಲದ ನಂತರ. ನಾನು ಜನರ ಜಗಲಿಗೆ ಹಾಸುವ ಕಲ್ಲು ಈ ಕಡಲಿಗಿಂತ ಎಷ್ಟೋ ಪಟ್ಟು ಹಳೆಯದು. ಅಷ್ಟು ದೊಡ್ಡ ಕಡಲು ನನ್ನ ಕೈಯಲ್ಲಿರುವ ಕಲ್ಲಿಗಿಂತ ಚಿಕ್ಕದು! ಇದನ್ನು ಯೋಚಿಸಿಯೇ ನನಗೆ ಮೈ ಜುಮ್ಮೆಂದದ್ದು.

ಕಡಲಿನ ತಳ ಯಾಕೆ ಹೊಸತು ಎಂದು ಮೇಷ್ಟ್ರನ್ನು ಆಗ ಕೇಳಿದ್ದೆ. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಭೂಮಿಯ ಚಿಪ್ಪು ಒಂದೇ ಇಡೀ ಚಿಪ್ಪಲ್ಲ, ತುಂಡು ತುಂಡು ಫಲಕಗಳು. ನೆಲದ ಕೆಳಗೆ ಈ ಫಲಕದ ಮೇಲಿನ ಪದರದ ದಪ್ಪ ಸುಮಾರು 35 ಕಿಲೋಮೀಟರ್, ಕಲ್ಲು ಹಗುರ. ಕಡಲಿನ ತಳದಲ್ಲಿ ದಪ್ಪ ಏಳು ಕಿಲೋಮೀಟರ್ ಅಷ್ಟೇ, ಕಲ್ಲು ಭಾರ. ದಪ್ಪ ಹಗುರ ಮರದ ದಿಮ್ಮಿ ಕೆರೆಯಲ್ಲಿ ಎತ್ತರಕ್ಕೆ ತೇಲುತ್ತದೆ. ತೆಳು ಭಾರದ ಹಲಗೆ ತಗ್ಗಿನಲ್ಲಿ ನಿಲ್ಲುತ್ತದೆ. ಆ ತಗ್ಗಿನಲ್ಲಿ ನೀರು ತುಂಬಿದೆ, ಅದೇ ಸಾಗರ. ಮಲ್ಪೆಯ ಎದುರಿನ ಕಡಿಮೆ ಆಳದ ನೀರಿನ ಅಡಿಯಲ್ಲಿ ಇರುವುದು ಇನ್ನೂ ನಮ್ಮ ನೆಲದ್ದೇ ಮುಂದುವರಿಕೆ. ಬಹಳ ದೂರ ಹೋದ ಮೇಲೆ ಒಮ್ಮೆಲೇ ಆಳ ಬೀಳುತ್ತದೆ ಎಂದು ಆಳಸಮುದ್ರದ ಬೋಟಿನವರು ಹೇಳುವುದನ್ನು ಕೇಳಿದ್ದೇನೆ. ನಿಜವಾದ ಸಾಗರದ ತಳ ಅಲ್ಲಿಂದ ಆಚೆ.

ಆ ತಳ ಹುಟ್ಟುವುದು ಸಾಗರದ ನಡುವಿನ ಏಣಿನಲ್ಲಿ, ಅಂದರೆ ನೀರಿನ ಅಡಿಯ ಉದ್ದದ ಬೆಟ್ಟದ ಸಾಲಿನಲ್ಲಿ. ಅಲ್ಲಿ ಎರಡು ಫಲಕ ಆಚೆ ಈಚೆ ಸರಿಯುತ್ತವೆ. ಸೀಳಿಗೆ ಕೆಳಗಿನಿಂದ ಕರಗಿದ ಕಲ್ಲು ಬಂದು ತುಂಬುತ್ತದೆ, ಗಟ್ಟಿಯಾಗುತ್ತದೆ, ಮತ್ತೆ ಸೀಳುತ್ತದೆ. ಅರಬ್ಬಿ ಸಮುದ್ರದ ನಡುವೆ ಇರುವ ಏಣಿನ ಹೆಸರು ಕಾರ್ಲ್ಸ್‌ಬರ್ಗ್. ಅಲ್ಲಿ ಇವತ್ತಿಗೂ ವರ್ಷಕ್ಕೆ ಎರಡು ಮೂರು ಸೆಂಟಿಮೀಟರ್ ಹೊಸ ತಳ ಹುಟ್ಟುತ್ತಿದೆ. ಈ ಏಣು ಶುರುವಾದದ್ದು ಎರಡನೇ ಸೀಳಿನಲ್ಲಿ. ಮಡಗಾಸ್ಕರ್ ಹೋದ ಮೇಲೆ, ಡೆಕ್ಕನ್ ಲಾವಾ ಉಕ್ಕಿದ ಕಾಲಕ್ಕೆ ಹತ್ತಿರ, ಹಿಂದೂ ಮಹಾಸಾಗರದ ದ್ವೀಪದೇಶ ಸೇಶೆಲ್ಸ್ ಕೂಡ ನಮ್ಮಿಂದ ಕಳಚಿತು. ಸೇಶೆಲ್ಸಿನ ಮಾಹೆ ದ್ವೀಪದಲ್ಲಿ ಇರುವುದು ಗ್ರಾನೈಟ್, ಸುಮಾರು 75 ಕೋಟಿ ವರ್ಷದ್ದು. ಸಾಗರದ ನಟ್ಟನಡುವೆ ಗ್ರಾನೈಟ್! ಸ್ಲ್ಯಾಬ್ ಕಟ್ ಮಾಡುವಾಗ ಬ್ಲೇಡಿನ ಪಕ್ಕ ಒಂದು ಚೂರು ಎಗರಿ ಬೀಳುತ್ತದಲ್ಲ, ಹಾಗೆ ನಡುದಾರಿಯಲ್ಲಿ ಉಳಿದುಹೋದ ಚೂರು ಅದು.

ಒಂದು ಕಡೆ ಹುಟ್ಟಿದರೆ ಇನ್ನೊಂದು ಕಡೆ ಸಾಯಲೇಬೇಕು, ಇಲ್ಲದಿದ್ದರೆ ಭೂಮಿ ಉಬ್ಬುತ್ತಾ ಹೋಗುತ್ತಿತ್ತು. ಹಳೆಯದಾಗಿ ತಣಿದು ಭಾರವಾದ ತಳ ಇನ್ನೊಂದು ಫಲಕದ ಅಡಿಗೆ ಜಾರಿ ಒಳಗೆ ಹೋಗುತ್ತದೆ. ಸುಮಾತ್ರಾದ ಹತ್ತಿರ ಹಾಗೆ ಆಗುತ್ತಿದೆ. ಅಲ್ಲಿ ಸಿಕ್ಕಿಹಾಕಿಕೊಂಡಿದ್ದ ಅಂಚು 2004 ರ ಡಿಸೆಂಬರ್ 26 ರಂದು ಒಮ್ಮೆಲೇ ಜಾರಿತು, ಸುನಾಮಿ ಬಂತು. ಹೀಗೆ ಹಳೆಯದು ಒಳಗೆ ಹೋಗುತ್ತಾ ಇರುವುದರಿಂದ ದೊಡ್ಡ ಸಾಗರಗಳ ತಳದಲ್ಲಿ 20 ಕೋಟಿ ವರ್ಷಕ್ಕಿಂತ ಹಳೆಯ ಕಲ್ಲು ಸಿಗುವುದು ಬಲು ಅಪರೂಪ. ನೆಲ ಹಗುರ, ಅದು ಮುಳುಗುವುದಿಲ್ಲ. ಅದಕ್ಕೇ ಅದು ಮುದಿಯಾಗಿ ಉಳಿದಿದೆ.

ಇದನ್ನೆಲ್ಲ ಮಗಳಿಗೆ ಹೇಳುವಾಗ ಅವಳಿಗೆ ತುಂಬ ಇಷ್ಟವಾದದ್ದು ಮೇರಿ ಥಾರ್ಪ್ ಕತೆ. 1950 ರ ದಶಕದಲ್ಲಿ ಅಮೆರಿಕದಲ್ಲಿ ಸಾಗರದ ಆಳದ ಲೆಕ್ಕಗಳನ್ನು ಇಟ್ಟುಕೊಂಡು ಅವರು ಅಟ್ಲಾಂಟಿಕ್ ತಳದ ನಕ್ಷೆ ಬರೆದರು. ಹೆಂಗಸರನ್ನು ಸಂಶೋಧನೆಯ ಹಡಗಿಗೆ ಹತ್ತಿಸುತ್ತಿರಲಿಲ್ಲ. ದಡದಲ್ಲೇ ಕೂತು, ಬೇರೆಯವರು ತಂದ ಅಂಕಿಗಳಿಂದ ಏಣಿನ ನಡುವಿನ ಸೀಳನ್ನು ಕಂಡುಹಿಡಿದರು. ಜತೆಗೆ ಕೆಲಸ ಮಾಡುತ್ತಿದ್ದ ಬ್ರೂಸ್ ಹೀಝೆನ್ ಮೊದಲಿಗೆ ಒಪ್ಪಲಿಲ್ಲ. ಆಮೇಲೆ ಒಪ್ಪಲೇಬೇಕಾಯಿತು. ಮಗಳು ಆ ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡಳು.

ಭಾವ ಇಷ್ಟು ಹೊತ್ತು ಸುಮ್ನೆ ಕೇಳುತ್ತಿದ್ದರು. ಅವರು ಮಸ್ಕತ್ತಿನಲ್ಲಿ ಹದಿನಾರು ವರ್ಷದಿಂದ ಡ್ರೈವರ್. ಅವರಿಗೆ ಹೇಳಿದೆ, "ಭಾವ, ನೀವು ದಿನಾ ನೋಡುವ ಆ ಬೋಳು ಕಪ್ಪು ಗುಡ್ಡಗಳು ಉಂಟಲ್ಲ, ಅವು ಹಳೆಯ ಕಡಲಿನ ತಳವೇ. ಅದರ ಅಡಿಯ ಕಲ್ಲೂ ಅಲ್ಲಿ ಉಂಟು." ಒಮಾನಿನಲ್ಲಿ ಸಾಗರದ ತಳ ಒಳಗೆ ಹೋಗುವ ಬದಲು ನೆಲದ ಮೇಲೆಯೇ ಹತ್ತಿ ಕೂತಿದೆ. ಪ್ರಪಂಚದಲ್ಲಿ ಅಷ್ಟು ದೊಡ್ಡದಾಗಿ, ಅಷ್ಟು ಚೆನ್ನಾಗಿ ಕಾಣುವ ಜಾಗ ಕಡಿಮೆ. ಆ ಕಲ್ಲಿಗೆ ಸುಮಾರು 9.5 ಕೋಟಿ ವರ್ಷ. ಈ ಕಂಬಗಳಿಗೆ ಹತ್ತಿರ ಹತ್ತಿರ ಓರಗೆ. ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಹದಿನಾರು ವರ್ಷ ಅದರ ನಡುವೆಯೇ ಗಾಡಿ ಓಡಿಸಿದೆ, ಒಬ್ಬರೂ ಹೇಳಲಿಲ್ಲ" ಅಂದರು. ಜಿದ್ದಾದಲ್ಲಿ ಇರುವ ನಮ್ಮವರು ನೋಡುವ ಕೆಂಪು ಸಮುದ್ರವೂ ಹಾಗೆ. ಅದು ಈಗಷ್ಟೇ ಸೀಳಿ ಅಗಲವಾಗುತ್ತಿರುವ ಎಳೆಯ ಸಾಗರ. ಮಲ್ಪೆಯ ಎದುರು ಆಗ ಏನಾಯಿತು ಎಂದು ನೋಡಬೇಕಾದರೆ ಈಗ ಅಲ್ಲಿ ನೋಡಬೇಕು.

ಘಟ್ಟದ ವಿಷಯ ಒಂದೇ ಮಾತು. ಆಗುಂಬೆಯ ಕಡಿದಾದ ಗೋಡೆ ಈ ಒಡೆತದ ಅಂಚು ಸವೆದು ಸವೆದು ಹಿಂದೆ ಸರಿದು ನಿಂತದ್ದು. ಮಡಗಾಸ್ಕರಿನ ಪೂರ್ವಕ್ಕೂ ಹೀಗೆಯೇ ಉದ್ದದ ಕಡಿದಾದ ಗುಡ್ಡದ ಸಾಲು ಇದೆ, ಅದಕ್ಕೂ ಜೋರು ಮಳೆ. ಜೂನ್ ತಿಂಗಳಲ್ಲಿ ನಮ್ಮ ಅಂಗಳಕ್ಕೆ ಬೀಳುವ ಮಳೆಗೂ ಆ ದಿನದ ಸೀಳಿಗೂ ಸಂಬಂಧ ಇದೆ.

ಮನೆಗೆ ಬಂದು ದೇವರಕೋಣೆಗೆ ಹೋದ ಹೆಂಡತಿ ನನ್ನನ್ನು ಕರೆದಳು. ಅವಳ ತವರಿನಿಂದ ಬಂದ ಸಾಲಿಗ್ರಾಮ ನಮ್ಮಲ್ಲಿ ಇದೆ. "ಇದೂ ಕಡಲಿನದ್ದು ಅಂದಿದ್ದರಲ್ಲ ಮೇಷ್ಟ್ರು?" ಎಂದು ಕೇಳಿದಳು. ಹೌದು. ಸಾಲಿಗ್ರಾಮ ನೇಪಾಳದ ಗಂಡಕಿ ನದಿಯಲ್ಲಿ ಸಿಗುವುದು. ಅದರೊಳಗಿನ ಚಕ್ರ ಅಮೋನೈಟ್ ಎಂಬ ಕಡಲ ಜೀವಿಯ ಚಿಪ್ಪಿನ ಗುರುತು. ಭಾರತ ಮತ್ತು ಏಷ್ಯಾದ ನಡುವೆ ಟೆಥಿಸ್ ಎಂಬ ಕಡಲಿತ್ತು. ಮಡಗಾಸ್ಕರ್ ಬಿಟ್ಟು ಹೊರಟ ನಮ್ಮ ನೆಲ ಸುಮಾರು 5 ಕೋಟಿ ವರ್ಷದ ಹಿಂದೆ ಏಷ್ಯಾಕ್ಕೆ ಗುದ್ದಿತು. ಎರಡೂ ಹಗುರದ ನೆಲ, ಯಾವುದೂ ಮುಳುಗಲಿಲ್ಲ. ನಡುವಿನ ಕಡಲಿನ ತಳದಲ್ಲಿ ಸೇರಿದ್ದ ಹೂಳು ನಮ್ಮ ನೆಲದ ಅಂಚಿನ ಜತೆ ಮಡಚಿಕೊಂಡು ಹಿಮಾಲಯವಾಗಿ ಮೇಲೆದ್ದಿತು. ಈಗಲೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ತಳ್ಳುತ್ತಾ ಇದೆ. ಹಾಗೆ ನೋಡಿದರೆ ನಾವು ಹೊರಟ ಬಾಗಿಲಿನ ಕಲ್ಲು ಮಲ್ಪೆಯಲ್ಲಿ, ಗುದ್ದಿದ ಕಡೆಯ ಕಲ್ಲು ನಮ್ಮ ದೇವರಕೋಣೆಯಲ್ಲಿ. ಹೆಂಡತಿ ಅವತ್ತು ದೀಪ ಹಚ್ಚಿ ಜಾಸ್ತಿ ಹೊತ್ತು ಕೂತಳು.

ಈಗ ಬೋಟ್ ನಡೆಸುವವರಿಗೆ ನನ್ನ ಮನವಿ. ನಿಮ್ಮ ಹುಡುಗರು ಒಳ್ಳೆಯವರು, ಬೋಟ್ ಚೆನ್ನಾಗಿದೆ, ಸುರಕ್ಷತೆಗೆ ಹತ್ತಕ್ಕೆ ಹತ್ತು ಕೊಡುತ್ತೇನೆ. ಆದರೆ ನೀವು ಕರೆದುಕೊಂಡು ಹೋಗುವುದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಕ್ಕೆ. ಕರ್ನಾಟಕದಲ್ಲಿ ಇಂತಹವು ಬೆರಳೆಣಿಕೆಯಷ್ಟು. ಹೋಗುವ ದಾರಿಯ ಇಪ್ಪತ್ತು ನಿಮಿಷದಲ್ಲಿ ಐದು ನಿಮಿಷ ಹಾಡು ನಿಲ್ಲಿಸಿ. ಇದು ಎಷ್ಟು ಹಳೆಯದು, ಇಲ್ಲಿ ಏನಾಯಿತು, ಎದುರಿಗೆ ಏನಿತ್ತು ಎಂದು ಕನ್ನಡದಲ್ಲಿ, ತುಳುವಿನಲ್ಲಿ ಹೇಳಿ. ಅದೇ ಸ್ಪೀಕರಿನಲ್ಲಿ ಹೇಳಬಹುದು. ನಮ್ಮ ಬೋಟಿನಲ್ಲಿ ಇದ್ದ ಮಕ್ಕಳೇ ಹದಿನೈದು ಜನ. ಅವರಲ್ಲಿ ಒಬ್ಬನಾದರೂ ಆ ಕಂಬವನ್ನು ಮುಟ್ಟುವಾಗ ನಾನು ಭೂಮಿ ಒಡೆದ ಜಾಗ ಮುಟ್ಟುತ್ತಿದ್ದೇನೆ ಎಂದುಕೊಂಡರೆ ಸಾಕು. ಹಾಗೆಯೇ ಒಂದು ಗಂಟೆಯನ್ನು ಎರಡು ಮಾಡಿ. ಜಾಸ್ತಿ ದುಡ್ಡು ಆದರೂ ನಾನು ಕೊಡುತ್ತೇನೆ.

ಹೋಗುವವರಿಗೂ ಒಂದು ಮಾತು. ಕಂಬಗಳ ಮೇಲೆ ಹೆಸರು ಕೆತ್ತಿದ್ದನ್ನು ನೋಡಿದೆ. ಉಳಿ ಹಿಡಿದು ಬದುಕುವವನಾಗಿ ಹೇಳುತ್ತೇನೆ, ಬಹಳ ನೋವಾಯಿತು. ಒಡೆದ ಟೈಲ್ಸನ್ನು ಬದಲಾಯಿಸಬಹುದು, ಇದಕ್ಕೆ ಬದಲು ಕಲ್ಲು ಎಲ್ಲಿಂದ ತರುತ್ತೀರಿ? ಚೂರನ್ನೂ ಮನೆಗೆ ಒಯ್ಯಬೇಡಿ. ಮಳೆಗಾಲದಲ್ಲಿ ಬೋಟ್ ಇಲ್ಲ. ಡಿಸೆಂಬರ್, ಜನವರಿ ಒಳ್ಳೆಯ ಕಾಲ, ಬೆಳಿಗ್ಗೆಯ ಮೊದಲ ಬೋಟಿಗೆ ಹೋಗಿ. ಇಳಿತದ ಹೊತ್ತಾದರೆ ನೀರಿನ ಅಂಚಿನ ಕಂಬಗಳೂ ಕಾಣುತ್ತವೆ. ಪಾದೆಕಲ್ಲಿನ ಮೇಲೆ ಪಾಚಿ ಇರುತ್ತದೆ, ಜಾರುತ್ತದೆ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ. ಟೋಪಿ ಬೇಕು, ನೆರಳು ಕಡಿಮೆ. ನೀರು ಸ್ಟೀಲ್ ಬಾಟಲಿಯಲ್ಲಿ ಒಯ್ಯಿರಿ. ಕಲ್ಲಿನ ಕಡೆ ಈಜಲು ಇಳಿಯಬೇಡಿ, ಸೆಳೆತ ಇದೆ, ಕಾವಲಿನವರು ಸೀಟಿ ಊದಿದರೆ ಅವರ ಮಾತು ಕೇಳಿ.

ನಾನು ಐದರಲ್ಲಿ ನಾಲ್ಕು ಕೊಡುತ್ತೇನೆ. ಕಡಿಮೆಯಾದ ಒಂದು ಆ ಸಮಯದ್ದು. ಮಗಳು ಪುಸ್ತಕದಲ್ಲಿ ಕೋಷ್ಟಕ ಹಾಕಿ ಕಂಬಗಳ ಬದಿ ಎಣಿಸುತ್ತಿದ್ದಳು. ಇಪ್ಪತ್ತಮೂರನೇ ಕಂಬಕ್ಕೆ ಬರುವಾಗ ಸೀಟಿ ಊದಿದರು. ಆ ಸಾಲು ಅರ್ಧಕ್ಕೆ ನಿಂತಿದೆ. ಮುಂದಿನ ಸಲ ಮೇಷ್ಟ್ರನ್ನೂ ಕರೆದುಕೊಂಡು ಹೋಗುತ್ತೇವೆ. ಫೋನ್ ಮಾಡಿದ್ದೆ, ಬರುತ್ತೇನೆ ಅಂದಿದ್ದಾರೆ. ಸಣ್ಣ ದೋಣಿಗೆ ಇಳಿಯುವಾಗ ಕೈ ಹಿಡಿಯಲು ಆ ಹುಡುಗ ಇದ್ದರೆ ಒಳ್ಳೆಯದು.